ವಿಕ್ಸ್, ವರ್ಡ್‌ಪ್ರೆಸ್, ಹ್ಯೂಗೋ: ನಿಮ್ಮ ಸೈಟಿಗೆ ಯಾವುದು?

ವೆಬ್‌ಸೈಟ್ ಕಟ್ಟುವುದು ಕೆಲವು ದಿನಗಳ ಕೆಲಸ. ಅದನ್ನು ನೋಡಿಕೊಳ್ಳುವುದು ವರ್ಷಗಟ್ಟಲೆ. ವಿಕ್ಸ್, ವರ್ಡ್‌ಪ್ರೆಸ್, ಹ್ಯೂಗೋ ಮೂರೂ ವೆಬ್‌ಸೈಟ್ ಕಟ್ಟುವ ಸಾಧನಗಳು. ಒಂದನ್ನು ಆರಿಸುವಾಗ ಮೊದಲ ಪ್ರಶ್ನೆ ಇದು: ಮುಂದೆ ಇದನ್ನು ನೋಡಿಕೊಳ್ಳುವವರು ಯಾರು?

ಕೋಡ್ ಎಂದರೆ ಗಾಬರಿಯಾಗುವವರಿಗೆ ವಿಕ್ಸ್ ಸುಲಭ. ಚಿತ್ರ, ಬರಹ ಎಳೆದು ಬಿಟ್ಟರೆ ಪುಟ ಸಿದ್ಧ. ಹೋಸ್ಟಿಂಗ್ (ಸೈಟನ್ನು ಇಂಟರ್ನೆಟ್ಟಿನಲ್ಲಿ ಇಡಲು ಜಾಗ), ಅಪ್‌ಡೇಟ್ ಎಲ್ಲ ವಿಕ್ಸ್ ಕಂಪನಿಯವರೇ ನೋಡಿಕೊಳ್ಳುತ್ತಾರೆ. ಆದರೆ ಕಟ್ಟಿದ ಸೈಟನ್ನು ಹಾಗೇ ಎತ್ತಿಕೊಂಡು ಬೇರೆ ಹೋಸ್ಟಿಗೆ ಹೋಗಲು ಆಗುವುದಿಲ್ಲ. ಬಾಡಿಗೆ ಮನೆಯ ಗೋಡೆಗೆ ಎಷ್ಟು ಬಣ್ಣ ಬಳಿದರೂ ಗೋಡೆ ನಮ್ಮದಲ್ಲ, ಅಲ್ವಾ?

ವರ್ಡ್‌ಪ್ರೆಸ್ ಇದಕ್ಕೆ ತಿರುಗುಮುರುಗು. 2003ರಲ್ಲಿ ಬ್ಲಾಗಿಗೆಂದು ಶುರುವಾದ ಈ ಮುಕ್ತ ತಂತ್ರಾಂಶದಲ್ಲಿ ಈಗ ಅಂಗಡಿ, ಪತ್ರಿಕೆ ಏನು ಬೇಕಾದರೂ ಕಟ್ಟಬಹುದು. ತಂತ್ರಾಂಶ ಉಚಿತ, ಆದರೆ ಹೋಸ್ಟಿಂಗಿಗೆ, ಡೊಮೇನಿಗೆ (ಸೈಟಿನ ವಿಳಾಸಕ್ಕೆ) ದುಡ್ಡು ಕೊಡಬೇಕು. ಡೇಟಾಬೇಸ್ (ಬರಹಗಳನ್ನೆಲ್ಲ ಕೂಡಿಡುವ ಕಣಜ), ಫೈಲು ಎರಡೂ ನಿಮ್ಮ ಕೈಯಲ್ಲೇ ಇರುತ್ತವೆ. ತಲೆನೋವು ಪ್ಲಗಿನ್‌ಗಳದ್ದು, ಅಂದರೆ ಹೆಚ್ಚಿನ ಸೌಲಭ್ಯಕ್ಕೆಂದು ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳದ್ದು. ಹ್ಯಾಕರ್‌ಗಳು ಹೆಚ್ಚಾಗಿ ನುಗ್ಗುವುದು ಅಪ್‌ಡೇಟ್ ಆಗದ ಹಳೆಯ ಪ್ಲಗಿನ್‌ಗಳ ಮೂಲಕವೇ. ಸುಮ್ನೆ ಇರಲಿ ಎಂದು ಒಂದನ್ನೂ ಹಾಕಬೇಡಿ. ಅಪ್‌ಡೇಟಿಗೆ ಮೊದಲು ಬ್ಯಾಕಪ್ ತೆಗೆಯಿರಿ, ದಯವಿಟ್ಟು. ಇನ್ನೊಂದು ಮಾತು: ವರ್ಡ್‌ಪ್ರೆಸ್ ಡಾಟ್ ಕಾಮ್ ಹೋಸ್ಟಿಂಗ್ ಸೇವೆ, ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ. ಎರಡೂ ಒಂದೇ ಎಂದುಕೊಂಡವರು ಜಾಸ್ತಿ.

ಕಮಾಂಡ್ ಲೈನ್ (ಆಜ್ಞೆ ಟೈಪ್ ಮಾಡಿ ಕಂಪ್ಯೂಟರ್ ನಡೆಸುವುದು) ಗೊತ್ತಿದ್ದರೆ ಹ್ಯೂಗೋ. ನೀವು ಬರೆದ ಫೈಲುಗಳಿಂದ ಇದು ಪುಟಗಳನ್ನು ಮೊದಲೇ ತಯಾರಿಸಿಡುತ್ತದೆ. ಡೇಟಾಬೇಸ್ ಇಲ್ಲ, ಬ್ರೌಸರ್ ನೇರವಾಗಿ ತೋರಿಸುವ ಬರೀ ಎಚ್‌ಟಿಎಂಎಲ್ ಪುಟಗಳು. ವೇಗ ಜಾಸ್ತಿ, ಸರ್ವರ್ ಕಡೆಯ ತಾಪತ್ರಯ ಕಡಿಮೆ.

ನನ್ನನ್ನು ಕೇಳಿದರೆ, ಅಪರೂಪಕ್ಕೆ ಬದಲಾಗುವ ಐದಾರು ಪುಟಗಳಿಗೆ ಹ್ಯೂಗೋ, ನಾಲ್ಕು ಜನ ಸೇರಿ ವಾರ ವಾರ ಬರೆಯುವ ಸೈಟಿಗೆ ವರ್ಡ್‌ಪ್ರೆಸ್. ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ಮಾತ್ರ ವಿಕ್ಸ್.