ತೂಕದ ಕೊನೆಯ ಹದಿನೈದು ಗ್ರಾಂ: ಡೆಲ್ಟಾ-ಸಿಗ್ಮಾ ಎಡಿಸಿಗೆ ಯಾವ ಡಿದರ್?

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಕಣದಲ್ಲಿ ಟ್ರೇ ಕೆಳಗೆ ಲೋಡ್ ಸೆಲ್ (ಭಾರವನ್ನು ಸಣ್ಣ ವೋಲ್ಟೇಜಾಗಿ ಕೊಡುವ ಸಾಧನ) ಇಟ್ಟು, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ, ಒಳಹೊಟ್ಟು ಇರುವ ಕಾಫಿ ಬೀಜ) ಇನ್ನೂ ಒಣಗುತ್ತಿದೆಯೋ ಮಂಜಿಗೆ ನಿಂತುಹೋಗಿದೆಯೋ ಎಂದು ತೂಕದಿಂದಲೇ ತಿಳಿಯಬೇಕು ಎನ್ನುವವರಿಗೆ ಈ ಹೋಲಿಕೆ. 10 ಕಿಲೋ ಹಸಿ ಪಾರ್ಚ್‌ಮೆಂಟಿನಲ್ಲಿ ಅರ್ಧ ನೀರು ಎಂದಿಟ್ಟುಕೊಳ್ಳಿ. ತೇವಾಂಶ ಶೇ. 11ಕ್ಕೆ ಇಳಿದಾಗ ತೂಕ 5.618 ಕಿಲೋ, ಶೇ. 10ಕ್ಕೆ ಇಳಿದಾಗ 5.556 ಕಿಲೋ. ಕೊನೆಯ ಶೇ. 1 ತೇವಾಂಶ ಅಂದರೆ ಬರೀ 62 ಗ್ರಾಂ. ರಾತ್ರಿ ಟಾರ್ಪಾಲಿನ ಕೆಳಗೆ ಆಗುವ ಬದಲಾವಣೆ ಅದಕ್ಕಿಂತಲೂ ಕಡಿಮೆ.

20 ಕಿಲೋ ಸೆಲ್, ವೋಲ್ಟಿಗೆ 2 ಮಿಲಿವೋಲ್ಟ್ ಲೆಕ್ಕದ್ದು. 5 ವೋಲ್ಟ್ ಕೊಟ್ಟರೆ ಪೂರ್ತಿ ತೂಕಕ್ಕೆ 10 ಮಿಲಿವೋಲ್ಟ್ ಬರುತ್ತದೆ. ಎಡಿಎಸ್1115 ಚಿಪ್ಪನ್ನು (ವೋಲ್ಟೇಜನ್ನು ಅಂಕಿಯಾಗಿಸುವ 16 ಬಿಟ್ ಡೆಲ್ಟಾ-ಸಿಗ್ಮಾ ಎಡಿಸಿ) ಅದರ ಅತಿ ಸಣ್ಣ ರೇಂಜ್ ±0.256 ವೋಲ್ಟಿಗೆ ಇಟ್ಟರೂ ಒಂದು ಎಣಿಕೆ, ಅಂದರೆ ಅದರ ಅಂಕಿಯ ಅತಿ ಸಣ್ಣ ಹೆಜ್ಜೆ, 7.8125 ಮೈಕ್ರೋವೋಲ್ಟ್. ಅಂದರೆ 20 ಕಿಲೋಗೆ 1280 ಎಣಿಕೆ, ಎಣಿಕೆಗೆ 15.6 ಗ್ರಾಂ. ಈ ಹದಿನೈದು ಗ್ರಾಂ ಒಳಗೆ ಇಣುಕುವುದೇ ಡಿದರ್‌ನ ಕೆಲಸ: ಸಣ್ಣ ಅಲುಗಾಟ ಸೇರಿಸಿ ರೀಡಿಂಗುಗಳನ್ನು ಅಕ್ಕಪಕ್ಕದ ಎಣಿಕೆಗಳಿಗೆ ಹರಡಿ, ಆಮೇಲೆ ಸರಾಸರಿ ತೆಗೆಯುವುದು. ದಾರಿಗಳು ಒಂದೊಂದಾಗಿ ಹೀಗಿವೆ.

ಸೆಕೆಂಡಿಗೆ 8 ರೀಡಿಂಗ್, ಏನೂ ಸೇರಿಸದೆ. ನೋಡಲು ಬಲು ಚೆಂದ, ಅಂಕಿ ಅಲುಗುವುದೇ ಇಲ್ಲ. ಮೋಸ ಇರುವುದೂ ಅಲ್ಲೇ. ಚಿಪ್ಪಿನ ಒಳಗಿನ ಫಿಲ್ಟರ್ ಸದ್ದನ್ನೆಲ್ಲ (ವೋಲ್ಟೇಜಿನ ಅಡ್ಡಾದಿಡ್ಡಿ ಅಲುಗಾಟ) ತಿಂದುಹಾಕಿ, ಆಮೇಲೆ 16 ಬಿಟ್‌ಗೆ ದುಂಡಾಗಿಸುತ್ತದೆ. ತೂಕ 10 ಗ್ರಾಂ ಇಳಿದರೂ ಅದೇ ಎಣಿಕೆ ಬರಬಹುದು. ಅಂಥ ನೂರು ರೀಡಿಂಗ್ ಸರಾಸರಿ ಮಾಡಿದರೂ ಅದೇ ಸುಳ್ಳು ನೂರು ಸಲ ಸಿಕ್ಕಂತೆ.

ಸೆಕೆಂಡಿಗೆ 860 ರೀಡಿಂಗ್, ಸರಾಸರಿ. ಒಂದು ರೂಪಾಯಿ ಖರ್ಚಿಲ್ಲ. ಈ ವೇಗದಲ್ಲಿ ಚಿಪ್ಪಿನ ಸ್ವಂತ ಸದ್ದು ಎರಡು ಮೂರು ಎಣಿಕೆಯಷ್ಟು ಆಡುತ್ತದೆ, ಅದೇ ಡಿದರ್ ಆಗುತ್ತದೆ. ಸದ್ದಿನ ಆರ್‌ಎಂಎಸ್ (ಅಲುಗಾಟದ ಒಟ್ಟಾರೆ ಗಾತ್ರದ ಅಳತೆ) ಅರ್ಧ ಎಣಿಕೆ ಇದ್ದರೆ ಸರಾಸರಿಯಲ್ಲಿ ಉಳಿಯುವ ದುಂಡಾಗಿಸುವ ದೋಷ ಹೆಚ್ಚೆಂದರೆ 0.002 ಎಣಿಕೆ, ಏನೂ ಅಲ್ಲ. ಕಾಲು ಎಣಿಕೆಗೆ ಇಳಿದರೆ ದೋಷ 0.09 ಎಣಿಕೆ, ಸುಮಾರು 1.4 ಗ್ರಾಂ. 0.1ಕ್ಕೆ ಇಳಿದರೆ 4 ಗ್ರಾಂ. ಎಷ್ಟು ಸರಾಸರಿ ಮಾಡಿದರೂ ಈ ದೋಷ ಕರಗುವುದಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ಮೊದಲು ಒಂದೇ ತೂಕ ಇಟ್ಟು 860 ರೀಡಿಂಗ್ ತೆಗೆದು, ಯಾವ ಎಣಿಕೆ ಎಷ್ಟು ಸಲ ಬಂತು ಎಂದು ಬರೆದುಕೊಳ್ಳಿ. ಕನಿಷ್ಠ ಮೂರು ಎಣಿಕೆಗಳಲ್ಲಿ ಹರಡಿರಬೇಕು. ನೂರಕ್ಕೆ ತೊಂಬತ್ತೈದು ಒಂದರಲ್ಲೇ ಕೂತಿದ್ದರೆ ಈ ದಾರಿ ಸಾಲದು.

ಸರಾಸರಿಯ ಕಿಟಕಿಯಲ್ಲಿ ಕರೆಂಟಿನ 20 ಮಿಲಿಸೆಕೆಂಡ್ ಸುತ್ತುಗಳು ಪೂರ್ಣ ಸಂಖ್ಯೆಯಲ್ಲಿರಬೇಕು. 172 ರೀಡಿಂಗ್‌ಗೆ 0.2 ಸೆಕೆಂಡ್, ಅಂದರೆ 10 ಸುತ್ತು. ಆದರೆ ಚಿಪ್ಪಿನ ಗಡಿಯಾರಕ್ಕೆ ಶೇ. 10ರವರೆಗೆ ಏರುಪೇರು ಅನುಮತಿ ಇದೆ. ರೆಡಿ ಪಿನ್ನಿನಿಂದ ನಿಜವಾದ ವೇಗ ಅಳೆದು ಸಂಖ್ಯೆ ತಿದ್ದಿಕೊಳ್ಳಿ, ಇಲ್ಲವೇ ಒಂದು ಸೆಕೆಂಡಿನ ಕಿಟಕಿ ಇಡಿ.

ಹೊರಗಿನಿಂದ ಏಣಿ ಡಿದರ್. ನನ್ನ ಮಟ್ಟಿಗೆ ಎಡಿಎಸ್1115ಗೆ ನಂಬಬಹುದಾದ ದಾರಿ ಇದೇ, ಚಿಪ್ಪಿನ ಸದ್ದಿನ ಹಂಗಿಲ್ಲ. ಇಎಸ್‌ಪಿ32 ಮೈಕ್ರೋಕಂಟ್ರೋಲರಿನ 25ನೇ ಪಿನ್ನಿನ ಡಿಎಸಿಯನ್ನು (ಅಂಕಿಯನ್ನು ವೋಲ್ಟೇಜಾಗಿಸುವ ಭಾಗ) 0ಯಿಂದ 254ರವರೆಗೆ ಎರಡೆರಡು ಮೆಟ್ಟಿಲು ಏರಿಸಿ, ಪ್ರತಿ ಮೆಟ್ಟಿಲಿಗೆ ಒಂದೊಂದೇ ರೀಡಿಂಗ್ ತೆಗೆಯುವುದು. ಸೆಕೆಂಡಿಗೆ 128 ರೀಡಿಂಗ್ ವೇಗದಲ್ಲಿ ಒಂದು ಏಣಿಗೆ ಸೆಕೆಂಡಿಗಿಂತ ಚೂರು ಹೆಚ್ಚು ಹಿಡಿಯುತ್ತದೆ. (ಎಸ್3, ಸಿ3 ಮಾದರಿಗಳಲ್ಲಿ ಡಿಎಸಿ ಇಲ್ಲ, ಕೊಳ್ಳುವಾಗ ನೋಡಿಕೊಳ್ಳಿ.) ಡಿಎಸಿಯಿಂದ 100 ಕಿಲೋಓಮ್, ಅಲ್ಲಿಂದ ನೆಲಕ್ಕೆ 1 ಕಿಲೋಓಮ್, ಅವೆರಡೂ ಸೇರುವಲ್ಲಿಂದ 180 ಕಿಲೋಓಮ್ ಮೂಲಕ ಸೆಲ್ಲಿನ ಒಂದು ಔಟ್‌ಪುಟ್ ತಂತಿಗೆ. ಸೆಲ್ಲಿನೊಳಗಿನ ನಾಲ್ಕು ರೆಸಿಸ್ಟರುಗಳ 350 ಓಮ್ ಬ್ರಿಡ್ಜಿನ ಆ ತುದಿ 175 ಓಮ್‌ನಂತೆ ಕಾಣುವುದರಿಂದ ಏಣಿಯ ಎತ್ತರ ಸುಮಾರು 31.5 ಮೈಕ್ರೋವೋಲ್ಟ್, ಹೆಚ್ಚುಕಡಿಮೆ ನಾಲ್ಕು ಎಣಿಕೆ. ಒಂದೇ ಎಣಿಕೆ ಸಾಕಲ್ಲ ಎನ್ನಬಹುದು. ನಾಲ್ಕು ಇಟ್ಟರೆ ರೆಸಿಸ್ಟರುಗಳ ಸಣ್ಣ ವ್ಯತ್ಯಾಸ ಫಲಿತಾಂಶದಲ್ಲಿ ಅಷ್ಟಾಗಿ ಕಾಣದು.

ಇಲ್ಲಿ ತಪ್ಪುವುದು ಒಂದೇ ಕಡೆ. ಬ್ರಿಡ್ಜಿನ ತುದಿ 2.5 ವೋಲ್ಟಿನಲ್ಲಿದೆ, 180 ಕಿಲೋಓಮ್ ಅದನ್ನು 2.4 ಮಿಲಿವೋಲ್ಟ್ ಕೆಳಗೆ ಎಳೆಯುತ್ತದೆ. ಅದು ಸುಮಾರು 5 ಕಿಲೋ ತೂಕಕ್ಕೆ ಸಮ! ಇನ್ನೊಂದು ಔಟ್‌ಪುಟ್ ತಂತಿಯಿಂದಲೂ ಅಷ್ಟೇ ರೆಸಿಸ್ಟರನ್ನು ನೆಲಕ್ಕೆ ಕಟ್ಟಿ; ಎರಡೂ ಶೇ. 1ರ ಮೆಟಲ್ ಫಿಲ್ಮ್ ಆಗಿರಲಿ. ಉಳಿದದ್ದು ಖಾಲಿ ಟ್ರೇ ಇಟ್ಟು ಸೊನ್ನೆ ಮಾಡಿದಾಗ ಹೋಗುತ್ತದೆ. ಈ ಎಳೆತ ತಪ್ಪಿಸಲು ನೇರವಾಗಿ 18 ಮೆಗಾಓಮ್ ಹಾಕಬಹುದು. ಆದರೆ ಮಲೆನಾಡಿನ ತೇವಕ್ಕೆ ಬೋರ್ಡಿನ ಮೇಲೆ ಹರಿಯುವ ಕಳ್ಳ ಕರೆಂಟು ಅಷ್ಟು ದೊಡ್ಡ ರೆಸಿಸ್ಟರಿನ ಲೆಕ್ಕವನ್ನೇ ಕೆಡಿಸುತ್ತದೆ.

ಡಿದರ್ ಯಾವಾಗಲೂ ವೇಗದ್ದಾಗಿರಬೇಕು ಎಂಬ ಅಭಿಪ್ರಾಯ ಇಲ್ಲಿ ಕೈಕೊಡುತ್ತದೆ. ದುಂಡಾಗಿಸುವುದು ಫಿಲ್ಟರ್ ಆದಮೇಲೆ. ಕಿಲೋಹರ್ಟ್ಸ್ ಡಿದರ್ ಅಲ್ಲಿಗೆ ತಲುಪುವುದೇ ಇಲ್ಲ. ಮೆಟ್ಟಿಲು ಹಾಗಲ್ಲ, ಒಂದು ರೀಡಿಂಗ್ ಮುಗಿಯುವವರೆಗೂ ನಿಂತಿರುತ್ತದೆ.

ಎಚ್‌ಎಕ್ಸ್711. ತೂಕಕ್ಕೆಂದೇ ಮಾಡಿದ ಎಡಿಸಿ ಚಿಪ್ಪು. ಹೊಸದಾಗಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ, ಡಿದರ್ ಮರೆತುಬಿಡಿ. ಗೇನ್ (ಒಳಗಿನ ವರ್ಧನೆ) 128, ವೇಗ ಸೆಕೆಂಡಿಗೆ 10 ರೀಡಿಂಗ್ ಇದ್ದಾಗ ಇದರ ಸದ್ದು 50 ನ್ಯಾನೋವೋಲ್ಟ್, ನಮ್ಮ ಸೆಲ್ಲಿಗೆ 0.1 ಗ್ರಾಂ. ಒಂದು ಎಣಿಕೆ 2.4 ನ್ಯಾನೋವೋಲ್ಟ್ ಅಷ್ಟೇ, ಹಾಗಾಗಿ ಸದ್ದೇ ಇಪ್ಪತ್ತು ಎಣಿಕೆ ಆಡುತ್ತದೆ. ಇದಕ್ಕೆ ಹೊರಗಿನ ಡಿದರ್ ಸೇರಿಸುವುದು ಕೆಡಿಸಿದಂತೆ. ಬ್ರಿಡ್ಜಿಗೂ ರೆಫರೆನ್ಸಿಗೂ ಒಂದೇ ವೋಲ್ಟೇಜ್ ಆದ್ದರಿಂದ ಸಪ್ಲೈ ಏರುಪೇರೂ ತಾನಾಗಿ ರದ್ದಾಗುತ್ತದೆ. ಎಡಿಎಸ್1115ಗೆ ಆ ಸೌಕರ್ಯವಿಲ್ಲ. 5 ವೋಲ್ಟನ್ನು ಅರ್ಧ ಮಾಡಿ ಮೂರನೇ ಚಾನಲ್ಲಿನಲ್ಲಿ ಓದಿ ಭಾಗಿಸಬೇಕು. ಎಚ್‌ಎಕ್ಸ್711ರ ಕಾಟ ಬೇರೆ: ಕ್ಲಾಕ್ ಗೆರೆ 60 ಮೈಕ್ರೋಸೆಕೆಂಡ್ ಮೀರಿ ಮೇಲೆ ನಿಂತರೆ ಚಿಪ್ಪು ಮಲಗಿಬಿಡುತ್ತದೆ. ವೈಫೈ ನಡುವೆ ಓದುವಾಗ ಹೀಗಾಗುತ್ತದೆ, ಆ 25 ಪಲ್ಸಿನ ಹೊತ್ತು ಇಂಟರಪ್ಟ್ ಮುಚ್ಚಿಡಿ.

ಕೈಯಾರೆ ಕಟ್ಟಿದ ಮೊದಲ ದರ್ಜೆಯ ಮಾಡ್ಯುಲೇಟರ್. ಡೆಲ್ಟಾ-ಸಿಗ್ಮಾ ಎಡಿಸಿಯ ಒಳಗಿನ ಲೂಪನ್ನೇ ಬಿಡಿಭಾಗಗಳಿಂದ ಕಟ್ಟುವುದು. ಕಾಲೇಜು ಲ್ಯಾಬಿಗೆ ಒಳ್ಳೆಯದು, ಕಣಕ್ಕಲ್ಲ. ಇದರ ರೋಗವೇ ಬೇರೆ, ಐಡಲ್ ಟೋನ್: ಇನ್‌ಪುಟ್ ನಿಂತಿದ್ದರೂ ಔಟ್‌ಪುಟ್ಟಿನ ಬಿಟ್‌ಗಳು ಒಂದೇ ಮಾದರಿಯಲ್ಲಿ ಮರುಕಳಿಸಿ ಹುಟ್ಟುವ ಸುಳ್ಳು ಸ್ವರ. ಕ್ಲಾಕ್ 100 ಕಿಲೋಹರ್ಟ್ಸ್ ಇದ್ದು ಇನ್‌ಪುಟ್ ಪೂರ್ಣ ಅಳತೆಯ ಸಾವಿರದ ಒಂದು ಭಾಗವಾದರೆ ಟೋನ್ ಸರಿಯಾಗಿ 50 ಹರ್ಟ್ಸಿಗೆ ಬೀಳುತ್ತದೆ, ಕರೆಂಟಿನ ಹಮ್ ಎಂದೇ ಭಾಸವಾಗುತ್ತದೆ. ಇನ್‌ಪುಟ್ ಸ್ವಲ್ಪ ತಿರುಗಿಸಿ. ಟೋನ್ ಜಾಗ ಬಿಟ್ಟರೆ ಐಡಲ್ ಟೋನ್, ಅಲ್ಲೇ ನಿಂತರೆ ಹಮ್. ಇದಕ್ಕೆ ಡಿದರ್ ಹಾಕಬೇಕಾದ್ದು ಕಂಪೇರೇಟರಿನ ಬಾಯಲ್ಲಿ, ಅದೂ ಕ್ಲಾಕಿನ ವೇಗದಲ್ಲಿ. ಸೇರಿದ ಸದ್ದನ್ನು ಲೂಪ್ ತಾನೇ ಮೇಲಿನ ಆವರ್ತನಕ್ಕೆ ತಳ್ಳುತ್ತದೆ. ಆ ಸದ್ದನ್ನು ಹುಟ್ಟಿಸುವ 16 ಬಿಟ್ ಶಿಫ್ಟ್ ರಿಜಿಸ್ಟರ್ 0.66 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ, ಬೇಡ. 31 ಬಿಟ್ ಇಟ್ಟು 31 ಮತ್ತು 28ರಿಂದ ಟ್ಯಾಪ್ ತೆಗೆದರೆ ಸುಮಾರು ಆರು ಗಂಟೆ ಮರುಕಳಿಸುವುದಿಲ್ಲ.

ಯಾವುದನ್ನೇ ಆರಿಸಿ, ಲೋಡ್ ಸೆಲ್ಲಿನ ಕ್ರೀಪ್ (ಒಂದೇ ಭಾರ ಹೊತ್ತು ನಿಂತಾಗ ರೀಡಿಂಗ್ ನಿಧಾನಕ್ಕೆ ಸರಿಯುವುದು) ಶೇ. 0.03 ಎಂದು ಬರೆದಿದ್ದರೆ ಅದೇ 6 ಗ್ರಾಂ. ಅದಕ್ಕಿಂತ ಕೆಳಗಿನ ಅಂಕಿಯ ಹಿಂದೆ ಓಡಬೇಡಿ.

ತೋಟದಲ್ಲಿ ಆನೆಗೆಂದು ಸೋಲಾರ್ ಬೇಲಿ ಇದ್ದರೆ ಇನ್ನೊಂದು ಎಚ್ಚರ. ಸುಮಾರು ಸೆಕೆಂಡಿಗೊಮ್ಮೆ ಬರುವ ಅದರ ಹೊಡೆತ ರೀಡಿಂಗಿನಲ್ಲಿ ಕಾಣಬಹುದು. ಅದು ಡಿದರ್ ಅಲ್ಲ, ಒಂದೇ ಕಡೆ ಎಳೆಯುವ ದೋಷ. ಅದನ್ನು ತೆಗೆಯಲು ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ಬಳಸಿದರೆ ಉತ್ತರ ಮತ್ತೆ ಪೂರ್ಣ ಎಣಿಕೆಗೇ ಬಂದು ಕೂರುತ್ತದೆ, ಡಿದರ್ ಹಾಕಿದ್ದೇ ದಂಡ. ಏಣಿಯ ನಡುವೆ ಒಂದು ರೀಡಿಂಗ್ ಹತ್ತು ಎಣಿಕೆ ಹಾರಿದರೆ ಅದೊಂದನ್ನೇ ಬಿಡಬೇಡಿ, ಒಂದು ಮೆಟ್ಟಿಲು ಖಾಲಿಯಾಗಿ ಸರಾಸರಿ ವಾಲುತ್ತದೆ. ಅದೇ ಮೆಟ್ಟಿಲಿನಲ್ಲಿ ನಿಂತು ಇನ್ನೊಮ್ಮೆ ಓದಿ, ಆಮೇಲೆ ಮುಂದೆ ಏರಿ.