ನ್ಯೂಯಾರ್ಕ್ ನಗರದ ವೋಟರ್ ಗೈಡ್: ಕೌನ್ಸಿಲ್ ಚುನಾವಣೆಗೆ ಮುನ್ನ ಓದಬೇಕಾದ ಪುಸ್ತಿಕೆ

ನ್ಯೂಯಾರ್ಕಿನಲ್ಲಿ ಮೇಯರ್ ಸ್ಥಾನಕ್ಕೆ ನಿಂತವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ಅದೇ ದಿನ, ಅದೇ ಮತಪತ್ರದಲ್ಲಿ ನಗರ ಕೌನ್ಸಿಲಿಗೆ ನಿಂತವರು ಯಾರೆಂದು ಕೇಳಿದರೆ ನಗರದ ಕ್ವೀನ್ಸ್ ಭಾಗದಲ್ಲಿರುವ ನಮ್ಮ ಕಟ್ಟಡದಲ್ಲಿ ಉತ್ತರ ಹೇಳಬಲ್ಲವರು ಕಡಿಮೆ. 51 ಸದಸ್ಯರ ಈ ಕೌನ್ಸಿಲ್ 10,000 ಕೋಟಿ ಡಾಲರಿಗೂ ಮೀರಿದ ಬಜೆಟ್ಟಿಗೆ ಒಪ್ಪಿಗೆ ಕೊಡುತ್ತದೆ. ಯಾವ ಬೀದಿಯಲ್ಲಿ ಎಂಥ ಕಟ್ಟಡ ಏಳಬಹುದೆಂಬ ನಿಯಮಗಳನ್ನೂ ತೀರ್ಮಾನಿಸುತ್ತದೆ. ಒಬ್ಬೊಬ್ಬ ಸದಸ್ಯರೂ ಸುಮಾರು 1,70,000 ಜನರ ಪ್ರತಿನಿಧಿ. ಆದ್ದರಿಂದಲೇ ನಗರದ ಕ್ಯಾಂಪೇನ್ ಫೈನಾನ್ಸ್ ಬೋರ್ಡ್ ನೋಂದಾಯಿತ ಮತದಾರರ ಮನೆಗಳಿಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುವ ವೋಟರ್ ಗೈಡ್ ಎಂಬ ಪುಸ್ತಿಕೆಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ.

2025ರ ಜೂನ್ ತಿಂಗಳ ಪ್ರೈಮರಿ ಚುನಾವಣೆಗೆ ಮುನ್ನ ನಾನೂ ಅಮ್ಮನೂ ಇದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ಓದಿದೆವು. ಪ್ರೈಮರಿ ಎಂದರೆ ನವೆಂಬರಿನ ಅಂತಿಮ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಚುನಾವಣೆ; ಇದರಲ್ಲಿ ಆಯಾ ಪಕ್ಷಕ್ಕೆ ನೋಂದಾಯಿಸಿಕೊಂಡವರಷ್ಟೇ ಮತ ಹಾಕಬಹುದು. ನಗರದ ಬಹುಪಾಲು ಕ್ಷೇತ್ರಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಬಲವೇ ಹೆಚ್ಚಾಗಿರುವುದರಿಂದ ನಿಜವಾದ ಸ್ಪರ್ಧೆ ನಡೆಯುವುದು ನವೆಂಬರಿನಲ್ಲಲ್ಲ, ಜೂನ್‌ನಲ್ಲಿ. ಈ ಎರಡು ಚುನಾವಣೆಗಳಿಗೆ ಬರುವ ಎರಡು ಪುಸ್ತಿಕೆಗಳಲ್ಲಿ ಒಂದನ್ನಷ್ಟೇ ಓದಲು ಬಿಡುವಿದ್ದರೆ ಜೂನ್ ತಿಂಗಳದ್ದನ್ನೇ ಓದಬೇಕೆಂಬುದು ನನ್ನ ಸಲಹೆ.

ಇದರಲ್ಲಿ ಅತ್ಯಂತ ಚೆನ್ನಾಗಿರುವುದು ಮತ ಹಾಕುವ ವಿಧಾನವನ್ನು ವಿವರಿಸುವ ಭಾಗ. 2019ರಲ್ಲಿ ನಗರದ ಮತದಾರರು ಒಪ್ಪಿ, 2021ರಿಂದ ಜಾರಿಗೆ ಬಂದಿರುವ ಪದ್ಧತಿಯಂತೆ ಪ್ರೈಮರಿಯಲ್ಲಿ ಐವರು ಅಭ್ಯರ್ಥಿಗಳವರೆಗೆ ಪ್ರಾಶಸ್ತ್ಯ ನೀಡಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯದ ಮತಗಳು ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರಿಗೆ ಬಿದ್ದ ಮತಗಳನ್ನು ಆಯಾ ಮತದಾರರ ಮುಂದಿನ ಪ್ರಾಶಸ್ತ್ಯಕ್ಕೆ ಸೇರಿಸುತ್ತಾ ಹೋಗುತ್ತಾರೆ. ಮೈಸೂರಿನಲ್ಲಿ ಪ್ರೌಢಶಾಲೆಯ ಶಿಕ್ಷಕಿಯಾಗಿದ್ದ ಅಮ್ಮನಿಗೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಿಂದ ಪ್ರಾಶಸ್ತ್ಯ ಮತದ ಪರಿಚಯವಿತ್ತು. ಆದರೆ ಅಲ್ಲಿ ಹೆಸರಿನ ಮುಂದೆ 1, 2 ಎಂದು ಅಂಕಿ ಬರೆದರಾಯಿತು; ಇಲ್ಲಿ ಹೆಸರುಗಳ ಸಾಲು, ಪ್ರಾಶಸ್ತ್ಯಗಳ ಕಂಬಸಾಲು ಎರಡೂ ಕೂಡುವೆಡೆಯ ಪುಟ್ಟ ಅಂಡಾಕಾರವನ್ನು ಪೆನ್ನಿನಿಂದ ತುಂಬಬೇಕು. ಒಬ್ಬರಿಗೇ ಐದೂ ಪ್ರಾಶಸ್ತ್ಯ ಕೊಟ್ಟರೆ ಅದು ಒಂದೇ ಮತವಾಗಿ ಉಳಿಯುತ್ತದೆ, ಇಬ್ಬರಿಗೆ ಒಂದೇ ಪ್ರಾಶಸ್ತ್ಯ ಕೊಟ್ಟರೆ ಆ ಪ್ರಾಶಸ್ತ್ಯ ಲೆಕ್ಕಕ್ಕೆ ಬರುವುದಿಲ್ಲ. ಪುಸ್ತಿಕೆಯ ಮಾದರಿ ಮತಪತ್ರವನ್ನು ನೋಡಿದ ಮೇಲೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಎರಡನೆಯವರಿಗೆ ಕೊಟ್ಟರೆ ನನ್ನ ಮೊದಲನೆಯವರಿಗೆ ನಷ್ಟವಾಗೋದಿಲ್ಲ ತಾನೇ?” ಆಗುವುದಿಲ್ಲ, ಮೊದಲನೆಯವರು ಕಣದಲ್ಲಿರುವವರೆಗೂ ಎರಡನೆಯ ಪ್ರಾಶಸ್ತ್ಯವನ್ನು ಎಣಿಸುವುದೇ ಇಲ್ಲ.

ಅಭ್ಯರ್ಥಿಗಳ ಪರಿಚಯದ ಪುಟಗಳ ಬಗ್ಗೆ ನನಗೆ ಪೂರ್ತಿ ತೃಪ್ತಿಯಿಲ್ಲ. ಹಣವಂತ ಅಭ್ಯರ್ಥಿಗೂ ಮೊದಲ ಸಲ ನಿಂತವರಿಗೂ ಅಲ್ಲಿ ಒಂದೇ ಬಗೆಯ ಜಾಗ ಸಿಗುತ್ತದೆ ಎಂಬುದು ದೊಡ್ಡ ಮಾತು. ಆದರೆ ಹೇಳಿಕೆಗಳು ಅಭ್ಯರ್ಥಿಗಳೇ ಬರೆದುಕೊಟ್ಟವು. ಕೈಗೆಟುಕುವ ಮನೆ, ಸುರಕ್ಷಿತ ಬೀದಿ, ಒಳ್ಳೆಯ ಶಾಲೆ ಎಂಬ ಮಾತುಗಳನ್ನು ಎಲ್ಲರೂ ಬರೆದಾಗ ಒಬ್ಬರಿಂದೊಬ್ಬರನ್ನು ಬೇರ್ಪಡಿಸುವುದು ಕಷ್ಟ. ಕರ್ನಾಟಕದಲ್ಲಿ ನಾಮಪತ್ರದೊಂದಿಗೆ ಸಲ್ಲಿಸುವ ಆಸ್ತಿಯ ಪ್ರಮಾಣಪತ್ರವನ್ನು ನೋಡಿ ಬಂದವರಿಗೆ ಇಲ್ಲಿ ಹಣದ ಮಾತೇ ಇಲ್ಲದಿರುವುದು ಎದ್ದು ಕಾಣುತ್ತದೆ. ಈ ಬೋರ್ಡಿನ ಮುಖ್ಯ ಕೆಲಸವೇ ಚುನಾವಣಾ ಹಣದ ಉಸ್ತುವಾರಿ: ಅರ್ಹ ಅಭ್ಯರ್ಥಿಗೆ ನಗರವಾಸಿಯೊಬ್ಬರು ಕೊಟ್ಟ 10 ಡಾಲರಿಗೆ ನಗರವು 80 ಡಾಲರ್ ಸೇರಿಸಬಹುದು, ಕೌನ್ಸಿಲ್ ಸ್ಪರ್ಧೆಯಲ್ಲಿ ಒಬ್ಬೊಬ್ಬ ದಾನಿಯ ಮೊದಲ 175 ಡಾಲರಿನವರೆಗೆ ಈ ಎಂಟು ಪಟ್ಟು ನೆರವು ದೊರೆಯುತ್ತದೆ. ದೇಣಿಗೆಯ ವಿವರಗಳು ಬೋರ್ಡಿನ ಜಾಲತಾಣದಲ್ಲಿ ಸಾರ್ವಜನಿಕವಾಗಿಯೇ ಇವೆ. ಹೇಳಿಕೆಯ ಕೆಳಗೆ ಅವುಗಳ ಸಾರವನ್ನು ಎರಡು ಸಾಲಿನಲ್ಲಿ ಮುದ್ರಿಸಿದರೆ ಪುಸ್ತಿಕೆಯ ಬೆಲೆ ಇಮ್ಮಡಿಯಾಗುತ್ತದೆ.

ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್, ಚೀನಿ, ಕೊರಿಯನ್ ಮತ್ತು ಬಂಗಾಳಿಯಲ್ಲಿ ಗೈಡ್ ಲಭ್ಯ. ಕ್ವೀನ್ಸ್‌ನ ಭಾರತೀಯ ಮೂಲದ ಮತದಾರರಿಗೆ ಭಾಷಾ ನೆರವು ನೀಡಬೇಕೆಂದು 2011ರಲ್ಲಿ ನಿರ್ಧಾರವಾದಾಗ ಇಲ್ಲಿ ಆಯ್ಕೆಯಾದದ್ದು ಬಂಗಾಳಿ. ಕನ್ನಡಿಗರ ಸಂಖ್ಯೆ ಅಷ್ಟಿಲ್ಲದಿರುವುದರಿಂದ ಈ ಬಗ್ಗೆ ನನ್ನ ದೂರಿಲ್ಲ. ಆದರೆ ಇಂಗ್ಲಿಷ್ ಓದಲಾಗದ ಹಿರಿಯರು ತಿಳಿದಿರಬೇಕಾದ ಸಂಗತಿಯೊಂದಿದೆ: ಫೆಡರಲ್ ಕಾನೂನಿನ ಪ್ರಕಾರ ಅಂಥವರು ತಮಗೆ ಬೇಕಾದವರ ನೆರವನ್ನು ಮತಗಟ್ಟೆಯೊಳಗೆ ಪಡೆಯಬಹುದು, ಆ ವ್ಯಕ್ತಿ ಅವರ ಉದ್ಯೋಗದಾತರೋ ಕಾರ್ಮಿಕ ಸಂಘದ ಪ್ರತಿನಿಧಿಯೋ ಆಗಿರಬಾರದು, ಅಷ್ಟೆ.

ಅಮ್ಮನಿಗೆ ನನ್ನ ನೆರವು ಬೇಕಾಗಲಿಲ್ಲ. ಮುಂಗಡ ಮತದಾನದ ಮೊದಲ ಶನಿವಾರ, ಓದುವಾಗ ಗುರುತು ಹಾಕಿಕೊಂಡಿದ್ದ ಚೀಟಿಯನ್ನು ನೋಡಿಕೊಂಡು, ಕೌನ್ಸಿಲ್ ಸ್ಥಾನಕ್ಕೆ ಮೂವರಿಗೆ ಪ್ರಾಶಸ್ತ್ಯ ಕೊಟ್ಟು, ಉಳಿದ ಕಂಬಸಾಲುಗಳನ್ನು ಖಾಲಿ ಬಿಟ್ಟರು. ಉಳಿದವರ ಹೇಳಿಕೆಯನ್ನು ಎರಡೆರಡು ಸಲ ಓದಿದ ಮೇಲೂ ಅವರಿಗೆ ನಂಬಿಕೆ ಬಂದಿರಲಿಲ್ಲ.