ಮೂರು ತಿಂಗಳ ಅನಿಮೇಷನ್ ಕೋರ್ಸ್: ಸರ್‌ಗೆ ಪೂರ್ತಿ ಅಂಕ, ಸಂಸ್ಥೆಗೆ ಅರ್ಧ

ಬೆಂಗಳೂರಿಗೆ ಹೋಗದೆ ಕಲಬುರಗಿಯಲ್ಲೇ ಕ್ಯಾರೆಕ್ಟರ್ ಅನಿಮೇಷನ್ (ಕಂಪ್ಯೂಟರ್‌ನಲ್ಲಿ ಗೊಂಬೆಗಳನ್ನ ಆಡಿಸೋದು) ಕಲಿಯೋಕೆ ಆಗುತ್ತಾ ಅಂತ ಗೆಳೆಯರು ಕೇಳುತ್ತಲೇ ಇದ್ದಾರೆ, ಅದಕ್ಕೇ ಇದು. ನಾನು ಸೇರಿದ್ದು ಸೂಪರ್ ಮಾರ್ಕೆಟ್ ಕಡೆಯ ಒಂದು ಸಂಸ್ಥೆಗೆ. ಹೆಸರು ಬೇಡ. ಮೂರು ತಿಂಗಳಿಗೆ 12,000 ರೂಪಾಯಿ, ಅದರ ಮೇಲೆ 'ಸಾಫ್ಟ್‌ವೇರ್ ಚಾರ್ಜ್' ಅಂತ ಇನ್ನೂ 1,500. ಕಲಿಸಿದ್ದು ಬ್ಲೆಂಡರ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್. ಅದು ಪೂರ್ತಿ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದು ನನಗೆ ಗೊತ್ತಾಗಿದ್ದು ದುಡ್ಡು ಕಟ್ಟಿದ ಮೇಲೆ.

ಮೊದಲ ತಿಂಗಳು ದಂಡ. ಯಾವ ಬಟನ್ ಎಲ್ಲಿದೆ, ನಮ್ಮ ಹೆಸರು ಗಿರಗಿರ ತಿರುಗುತ್ತಾ ಬರುವ ಹಾಗೆ ಮಾಡೋದು ಹೇಗೆ, ಇಷ್ಟೇ.

ಎರಡನೇ ತಿಂಗಳು ಹೊಸ ಸರ್ ಬಂದರು. ಬಂದವರೇ ಎಲ್ಲ ಫೈಲ್ ಮುಚ್ಚಿಸಿ ಒಂದು ಚೆಂಡು ಕೊಟ್ಟರು, ಪುಟಿಸಿ ಅಂದರು. ಸುಲಭ ಅಲ್ವಾ ಅಂದುಕೊಂಡೆ. ಮೇಲೆ ಒಂದು ಕೀ (ಈ ಹೊತ್ತಿಗೆ ಚೆಂಡು ಇಲ್ಲಿರಬೇಕು ಅನ್ನೋ ಗುರುತು), ನೆಲದಲ್ಲಿ ಒಂದು ಕೀ, ಮತ್ತೆ ಮೇಲೆ ಒಂದು. ಪ್ಲೇ ಮಾಡಿದರೆ ಚೆಂಡು ಲಿಫ್ಟ್ ಥರ ನಿಧಾನವಾಗಿ ಬಂದು ನೆಲ ಮುಟ್ಟಿ, ನಿಧಾನವಾಗಿ ಮೇಲೆ ಹೋಯಿತು! ಯಾಕೆಂದರೆ ಸಾಫ್ಟ್‌ವೇರ್ ತಾನಾಗೇ ಪ್ರತಿ ಕೀ ಹತ್ತಿರ ವೇಗ ಇಳಿಸುತ್ತದೆ. ಮೇಲೆ ಅದು ಸರಿ, ಚೆಂಡು ಅಲ್ಲಿ ನಿಜವಾಗಿಯೂ ನಿಧಾನ ಆಗುತ್ತದೆ. ನೆಲದಲ್ಲಿ ತಪ್ಪು. ಸರ್ ಚಲನೆಯನ್ನ ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್ ತೆರೆಸಿ, ನೆಲದ ಕೀ ಆರಿಸಿ, ಕೀಬೋರ್ಡಿನ ವಿ ಒತ್ತಿಸಿ, ಬಂದ ಪಟ್ಟಿಯಲ್ಲಿ ವೆಕ್ಟರ್ ಆರಿಸಲು ಹೇಳಿದರು. ಗುಂಡಗಿದ್ದ ಗೆರೆ ಚೂಪಾಯಿತು. ಚೆಂಡು ಚೆಂಡಾಯಿತು.

ಆಮೇಲೆ ನೆಲಕ್ಕೆ ಬಿದ್ದಾಗ ಚೆಂಡನ್ನ ಚಪ್ಪಟೆ ಮಾಡೋದು. ನಾನು ಎತ್ತರ ಮಾತ್ರ ಮೊದಲಿದ್ದುದರ 0.8 ಪಟ್ಟು ಮಾಡಿದ್ದೆ, ಗಾಳಿ ಹೋದ ಚೆಂಡಿನ ಹಾಗೆ ಕಂಡಿತು. 'ಹಿಟ್ಟಿನ ಉಂಡೆ ಒತ್ತಿದರೆ ಹಿಟ್ಟು ಕಮ್ಮಿ ಆಗ್ತದೇನು? ಅಗಲ ಆಗ್ತದ' ಅಂದರು. ಅಗಲ ಎರಡೂ ಕಡೆ 1.12 ಪಟ್ಟು ಮಾಡಿದಾಗ ಸರಿ ಹೋಯಿತು. ಡಿಸ್ನಿಯವರು ಕೈಯಲ್ಲಿ ಚಿತ್ರ ಬಿಡಿಸುತ್ತಾ ಕಂಡುಕೊಂಡ ಅನಿಮೇಷನ್‌ನ 12 ಸೂತ್ರಗಳಲ್ಲಿ ಇದೂ ಒಂದು. ಅವೆಲ್ಲ ಪುಸ್ತಕವಾಗಿ ಬಂದಿದ್ದು 1981ರಲ್ಲಿ, ನಮ್ಮ ಕೈಗೆ ಸಾಫ್ಟ್‌ವೇರ್ ಬರುವುದಕ್ಕಿಂತ ಎಷ್ಟೋ ಮೊದಲು.

ಹಿಟ್ಟು ಅಂದಿದ್ದಕ್ಕೋ ಏನೋ, ಮುಂದಿನ ಹೋಂವರ್ಕ್ ರೊಟ್ಟಿ. ಮನೆಯಲ್ಲಿ ಜೋಳದ ರೊಟ್ಟಿ ಬಡಿಯೋದನ್ನ ವಿಡಿಯೋ ಮಾಡಿ, ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ಎಣಿಸಿ, ಬ್ಲೆಂಡರ್‌ನ ಗೊಂಬೆಯ ಕೈಯಲ್ಲಿ ಬಡಿಸಬೇಕು. ಚಿಗವ್ವ ಮೊಬೈಲ್ ನೋಡಿ 'ಹುಚ್ಚ ಹಿಡದದ ಏನ್ ನಿನಗ' ಅಂದಳು. ಎಣಿಸಿದರೆ ಕೈ ಏಳೋಕೆ 6 ಫ್ರೇಮ್, ಬೀಳೋಕೆ ಬರೀ 3. ನಾನು ಎರಡಕ್ಕೂ ಸಮ ಹಾಕಿದ್ದೆ, ಸೊಳ್ಳೆ ಓಡಿಸಿದ ಹಾಗಿತ್ತು. ಕೈ ನೆಟ್ಟಗೆ ಮೇಲೆ ಕೆಳಗೆ ಹೋಗಲ್ಲ, ಕಮಾನಿನ ಹಾಗೆ ಬಾಗಿ ಹೋಗುತ್ತದೆ. ಹಂಚಿಗೆ ಹಾಕುವ ಮೊದಲು ರೊಟ್ಟಿಯನ್ನ ಒಂಚೂರು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ಕೈ ನಿಂತ ಮೇಲೂ ಬಳೆ ಒಂದೆರಡು ಫ್ರೇಮ್ ಜಾರುತ್ತಲೇ ಇರುತ್ತವೆ. ಇಪ್ಪತ್ತು ವರ್ಷ ಆ ರೊಟ್ಟಿ ತಿಂದಿದ್ದೇನೆ, ಒಂದು ದಿನವೂ ಬಳೆ ನೋಡಿರಲಿಲ್ಲ.

ಇಲ್ಲಿ ಎರಡು ದಿನ ಸುಮ್ನೆ ಹೋಯಿತು. ವಿಡಿಯೋ ಸೆಕೆಂಡಿಗೆ 30 ಫ್ರೇಮ್, ಬ್ಲೆಂಡರ್ ಶುರುವಿನಲ್ಲೇ 24ಕ್ಕೆ ಇರುತ್ತದೆ. ನನ್ನ ಎಣಿಕೆ ಯಾಕೆ ಕೂಡಿ ಬರುತ್ತಿಲ್ಲ ಅಂತ ತಲೆ ಕೆಟ್ಟಿತ್ತು. ಬ್ಲೆಂಡರ್‌ನ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ 30 ಮಾಡಿಕೊಂಡ ಮೇಲೆ ಸರಿ ಹೋಯಿತು. ನೀವು ಮೊದಲೇ ನೋಡಿಕೊಳ್ಳಿ.

ಕೊನೆಗೆ ನಡಿಗೆ, ಹೆಜ್ಜೆಗೆ 12 ಫ್ರೇಮ್ ಲೆಕ್ಕದಲ್ಲಿ. ಅಪ್ಪನ ಕೆರೆ ದಂಡೆಯಲ್ಲಿ ಕೂತು ವಾಕಿಂಗ್ ಬಂದವರ ಸೊಂಟ ಯಾವಾಗ ಇಳಿಯುತ್ತದೆ, ಯಾವಾಗ ಏಳುತ್ತದೆ ಅಂತ ನೋಡಿದೆ. ಕೆಲವರು ಗುರಾಯಿಸಿದರು. ನನ್ನ ಗೊಂಬೆ ಈಗಲೂ ಒಂದು ಕಾಲು ಎಳೆದೇ ನಡೆಯುತ್ತದೆ. ಮುಖದ ಭಾವ, ಮಾತಿಗೆ ತುಟಿ ಹೊಂದಿಸೋದು ಮೂರು ತಿಂಗಳಲ್ಲಿ ಮುಟ್ಟಲೇ ಇಲ್ಲ.

ಸಂಸ್ಥೆಯ ತೊಂದರೆ ಹೇಳಲೇಬೇಕು. ಇಬ್ಬರಿಗೆ ಒಂದು ಕಂಪ್ಯೂಟರ್. ಯುಪಿಎಸ್ ಹೆಸರಿಗೆ ಮಾತ್ರ, ಕರೆಂಟ್ ಹೋದರೆ ಕೆಲಸವೂ ಹೋಯಿತು. ಮಧ್ಯಾಹ್ನದ ಬ್ಯಾಚಿನಲ್ಲಿ ಮೇಲೆ ತಗಡು, ಒಂದೇ ಫ್ಯಾನ್, ಏಪ್ರಿಲ್ ಬಿಸಿಲು, ನೀವೇ ಯೋಚಿಸಿ. ನೋಟ್ಸ್ ಪೂರ್ತಿ ಇಂಗ್ಲಿಷ್, ಪಾಠ ಮಾತ್ರ ನಮ್ಮ ಭಾಷೆಯಲ್ಲಿ, ಅದೊಂದು ಪುಣ್ಯ.

ಸೇರುವುದಾದರೆ ಸಂಜೆ ಬ್ಯಾಚ್ ಕೇಳಿ, ಪಾಠ ಯಾರು ಮಾಡುತ್ತಾರೆ ಅಂತ ಕೇಳಿ, ಆ 1,500 ಯಾತಕ್ಕೆ ಅಂತಲೂ ಕೇಳಿ. ನಾನು ಕೇಳಿದ್ದು ತಡವಾಗಿ, ಆದರೂ 500 ವಾಪಸ್ ಕೊಟ್ಟರು.